‘ಚಾರ್ಜ್’ ಎಂಬ ಪದದ ಹೊರೆ

ಸ್ನೇಹಿತರೇ,

ರಾಯಚೂರು ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ‘ಚಾರ್ಜ್’ ನಾನಾ ಅರ್ಥದಲ್ಲಿ ಕಿವಿಗೆ ಬೀಳುತ್ತದೆ. ‘ಸಿಂಧನೂರಿಗೆ ಚಾರ್ಜ್ ಎಷ್ಟ್ರೀ?’ ‘ಫೋನಿನ್ಯಾಗ ಚಾರ್ಜ್ ಇಲ್ಲ.’ ‘ಹೊಸ ಸಾಹೇಬ್ರು ಚಾರ್ಜ್ ತಗೊಂಡ್ರು.’ ‘ಆ ಕೇಸಿನ್ಯಾಗ ಚಾರ್ಜ್‌ಶೀಟ್ ಹಾಕ್ಯಾರ.’ ಮಾತಿನಲ್ಲಿ ಯಾರೂ ತಡವರಿಸುವುದಿಲ್ಲ. ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರಲು ಕುಳಿತಾಗಲೇ ತೊಡಕು.

ಲ್ಯಾಟಿನ್ನಿನಲ್ಲಿ ‘ಕಾರುಸ್’ ಎಂದರೆ ಬಂಡಿ, ‘ಕಾರಿಕಾರೆ’ ಎಂದರೆ ಬಂಡಿಗೆ ಹೇರುವುದು. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕಾರ್ಗೋ, ಕ್ಯಾರಿ ಎಲ್ಲವೂ ಇದೇ ಬೇರಿನವು. ನೆಲ್ಲಿನ ಚೀಲ ಹೇರಿದ ಬಂಡಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ, ಅರ್ಧ ಅರ್ಥಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಟ್ಟಿ ಚಿನ್ನದ ಗಣಿಯಲ್ಲಿ ಕೊರೆದ ರಂಧ್ರಕ್ಕೆ ಸ್ಫೋಟಕ ತುಂಬುವುದು ಚಾರ್ಜಿಂಗ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ ಮೇಲಿನಿಂದ ಪದರ ಪದರವಾಗಿ ಸುರಿಯುವ ಅದಿರು, ಕೋಕ್, ಸುಣ್ಣದ ಕಲ್ಲೂ ಚಾರ್ಜ್. ಕೆಲಸದ ಹೊರೆ ಹೊತ್ತರೆ ಅಧಿಕಾರದ ಚಾರ್ಜ್. ನಮ್ಮ ಕಚೇರಿಗಳ ‘ಪ್ರಭಾರ’ದಲ್ಲೂ ಭಾರ ಇದೆಯಲ್ಲ, ಬಹಳ ಸೊಗಸಾದ ಅನುವಾದ ಅದು. ಲಾಠಿ ಚಾರ್ಜಿನ ‘ಮೇಲೆರಗು’ ಎಂಬ ಅರ್ಥ ಬಹುಶಃ ಆಯುಧಕ್ಕೆ ಮದ್ದು ತುಂಬಿ ಸಜ್ಜಾಗುವುದರಿಂದ ಬಂದಿರಬೇಕು.

ಅರ್ಥವನ್ನು ತೀರ್ಮಾನಿಸುವುದು ಪಕ್ಕದ ಸಣ್ಣ ಪದ. ಚಾರ್ಜ್ ಆದಮೇಲೆ ‘ವಿತ್’ ಬಂದರೆ ಸಾಮಾನ್ಯವಾಗಿ ಆರೋಪ, ‘ಫಾರ್’ ಬಂದರೆ ದುಡ್ಡು, ‘ಅಟ್’ ಬಂದರೆ ನುಗ್ಗುವುದು. ‘ದಟ್’ ಬಂದರೆ ಬರೀ ಬಾಯಿಮಾತಿನ ಆಪಾದನೆ, ಪೊಲೀಸರ ಸಂಬಂಧವೇ ಇಲ್ಲದಿರಬಹುದು. ‘ಚಾರ್ಜ್ಡ್ ಹಿಮ್ ಫಿಫ್ಟಿ ರುಪೀಸ್’ ಎಂಬಲ್ಲಿ ಸಣ್ಣ ಪದವೇ ಬೇಡ, ಮೊತ್ತವೇ ಅರ್ಥ ಹೇಳುತ್ತದೆ.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಒಂದು ‘ದಿ’ಯಲ್ಲಿ. ‘ದಿ ನರ್ಸ್ ಈಸ್ ಇನ್ ಚಾರ್ಜ್ ಆಫ್ ದಿ ಚೈಲ್ಡ್’ ಎಂದರೆ ನರ್ಸ್ ಮಗುವನ್ನು ನೋಡಿಕೊಳ್ಳುತ್ತಾಳೆ. ‘ದಿ ಚೈಲ್ಡ್ ಈಸ್ ಇನ್ ದಿ ಚಾರ್ಜ್ ಆಫ್ ದಿ ನರ್ಸ್’ ಎಂದರೂ ನೋಡಿಕೊಳ್ಳುವವಳು ನರ್ಸೇ. ಎರಡನೆಯದರಲ್ಲಿ ‘ದಿ’ ಬಿಟ್ಟರೆ ಹಸುಗೂಸೇ ನರ್ಸಿನ ಮೇಲ್ವಿಚಾರಣೆ ಮಾಡಿದಂತಾಗುತ್ತದೆ.

ಭೌತಶಾಸ್ತ್ರದ ಚಾರ್ಜಿಗೆ ನಮ್ಮ ಪಠ್ಯಪುಸ್ತಕಗಳು ‘ವಿದ್ಯುದಾವೇಶ’ ಎನ್ನುತ್ತವೆ, ಅಳತೆ ಕೂಲಂ. ಫೋನಿನ ಚಾರ್ಜ್ ಅದೇ ಅಲ್ಲ. 5000 ಮಿಲಿ ಆಂಪಿಯರ್ ಅವರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗುವಾಗ ಅದರ ಮೂಲಕ ಸುಮಾರು 18,000 ಕೂಲಂ ಹಾದುಹೋಗುತ್ತದೆ. ಆದರೆ ಒಂದು ತುದಿಯಲ್ಲಿ ಹೊಕ್ಕಷ್ಟೇ ಆವೇಶ ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ. ಒಳಗೆ ಸಂಗ್ರಹವಾಗುವುದು ರಾಸಾಯನಿಕ ಶಕ್ತಿ. ‘ಬ್ಯಾಟರಿಯಲ್ಲಿ ವಿದ್ಯುದಾವೇಶ ಮುಗಿಯಿತು’ ಎಂದು ಅನುವಾದಿಸಿದರೆ ವಿಜ್ಞಾನವೇ ತಪ್ಪಿದಂತೆ. ಅಲ್ಲಿ ‘ಚಾರ್ಜ್’ ಎಂದೇ ಬಿಡಿ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ನ್ಯಾಯಾಲಯದ ಸುದ್ದಿಯಲ್ಲಿ. ‘ಚಾರ್ಜ್ಡ್ ವಿತ್ ಮರ್ಡರ್’ ಎಂದರೆ ಕೊಲೆ ಆರೋಪ ಹೊತ್ತವನು, ಕೊಲೆಗಾರನಲ್ಲ. ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವ ವರದಿಯೇ ಚಾರ್ಜ್‌ಶೀಟ್. ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 193ನೇ ಕಲಂ. ‘ಚಾರ್ಜ್ ಫ್ರೇಮ್’ ಮಾಡುವುದು ನ್ಯಾಯಾಧೀಶರು, ಆ ಕಾಗದಪತ್ರ ಓದಿ ಎರಡೂ ಕಡೆಯವರ ಮಾತು ಕೇಳಿದ ನಂತರ. ಮೊದಲನೆಯದನ್ನು ‘ಆರೋಪಪಟ್ಟಿ ಸಲ್ಲಿಕೆ’, ಎರಡನೆಯದನ್ನು ‘ದೋಷಾರೋಪ ನಿಗದಿ’ ಎಂದು ಬೇರೆ ಬೇರೆಯಾಗಿಯೇ ಬರೆಯಬೇಕು. ಇವೆರಡರ ನಡುವೆ ‘ಡಿಸ್ಚಾರ್ಜ್’ಗೆ, ಅಂದರೆ ಸಾಕಷ್ಟು ಆಧಾರವಿಲ್ಲವೆಂದು ಆರೋಪಿಯನ್ನು ವಿಚಾರಣೆಗೆ ಮೊದಲೇ ಕೈಬಿಡುವುದಕ್ಕೆ, ಅವಕಾಶವಿದೆ.

ಡಿಸ್ಚಾರ್ಜ್ ಎಂದರೆ ಹೇರಿದ್ದನ್ನು ಇಳಿಸುವುದು. ತುಂಗಭದ್ರಾ ಜಲಾಶಯದಿಂದ ಇಷ್ಟು ಕ್ಯೂಸೆಕ್ ಡಿಸ್ಚಾರ್ಜ್ ಎಂದರೆ ಹೊರಹರಿವು, ಆಸ್ಪತ್ರೆಯಲ್ಲಾದರೆ ರೋಗಿಯ ಬಿಡುಗಡೆ. ಕೋರ್ಟಿನಲ್ಲಿ ಮಾತ್ರ ಇದನ್ನು ‘ಖುಲಾಸೆ’ ಎಂದು ಬರೆಯಬಾರದು. ಖುಲಾಸೆ ಎಂದರೆ ಅಕ್ವಿಟಲ್, ವಿಚಾರಣೆ ನಡೆದ ಮೇಲಿನ ತೀರ್ಪು. ಖುಲಾಸೆ ಊರ್ಜಿತವಾಗಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸುವಂತಿಲ್ಲ. ಡಿಸ್ಚಾರ್ಜ್ ಆದವನಿಗೆ ಆ ರಕ್ಷಣೆ ಇಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಅವನು ಮತ್ತೆ ಕಟಕಟೆಗೆ ಬರಬೇಕಾಗಬಹುದು.