ಮರೆತವನೇ ತನಿಖಾಧಿಕಾರಿ: ‘ಮುಂಬೈ ಪೊಲೀಸ್’ ಚಿತ್ರಕಥೆಯ ಕಟ್ಟೋಣ

ಎಲ್ಲರಿಗೂ ನಮಸ್ಕಾರ.

2013ರ ಮೇ ತಿಂಗಳಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಮುಂಬೈ ಪೊಲೀಸ್’ ಇವತ್ತಿನ ವಿಷಯ. ನಿರ್ದೇಶನ ರೋಷನ್ ಆಂಡ್ರ್ಯೂಸ್, ಬರವಣಿಗೆ ಬಾಬಿ–ಸಂಜಯ್, ಸಂಕಲನ ಮಹೇಶ್ ನಾರಾಯಣನ್. ಕೊಲೆಗಾರ ಯಾರೆಂದು ಹೇಳದೆ ಈ ಚಿತ್ರಕಥೆಯನ್ನು ಬಿಚ್ಚಲಾಗದು. ಚಿತ್ರ ನೋಡಿಲ್ಲದವರು ಈಗ ಎದ್ದು ಹೋಗಿ, ನೋಡಿದ ಮೇಲೆ ಈ ಮಾತಿಗೆ ಮರಳಿದರೆ ಅವರಿಗೇ ಲಾಭ.

ಹೆಸರಿನಲ್ಲಿ ಮುಂಬೈ ಇದ್ದರೂ ಕತೆ ನಡೆಯುವುದು ಕೊಚ್ಚಿಯಲ್ಲಿ. ‘ಮುಂಬೈ ಪೊಲೀಸ್’ ಎಂಬುದು ಮೂವರು ಅಧಿಕಾರಿ ಗೆಳೆಯರಿಗೆ ಅಂಟಿಕೊಂಡ ಹೆಸರು: ಕಮಿಷನರ್ ಫರ್ಹಾನ್ (ರೆಹಮಾನ್), ಎಸಿಪಿ ಆರ್ಯನ್ (ಜಯಸೂರ್ಯ), ಎಸಿಪಿ ಆಂಟನಿ ಮೋಸಸ್ (ಪೃಥ್ವಿರಾಜ್). ಶೌರ್ಯ ಪದಕದ ಸಮಾರಂಭದಲ್ಲಿ ಆರ್ಯನ್ ಗುಂಡೇಟಿಗೆ ಬಲಿಯಾಗುತ್ತಾನೆ. ತನಿಖೆ ಆಂಟನಿಯದು. ಚಿತ್ರ ಶುರುವಾಗುವ ಹೊತ್ತಿಗೆ ಆ ತನಿಖೆ ಮುಗಿದೇ ಹೋಗಿದೆ. ಕಾರು ಓಡಿಸುತ್ತಲೇ ಆಂಟನಿ ಫರ್ಹಾನ್‌ಗೆ ಫೋನ್ ಮಾಡಿ ಕೇಸ್ ಬಗೆಹರಿಯಿತು ಎನ್ನುತ್ತಾನೆ. ಅಪರಾಧಿಯ ಹೆಸರು ನಮ್ಮ ಕಿವಿಗೆ ಬೀಳುವ ಮುನ್ನ ಅಪಘಾತ. ಎಚ್ಚರವಾದಾಗ ನೆನಪು ಅಳಿಸಿಹೋಗಿದೆ. ಫರ್ಹಾನ್ ಈ ಸಂಗತಿಯನ್ನು ಮುಚ್ಚಿಟ್ಟು ಅದೇ ಕೇಸನ್ನು ಅವನಿಗೇ ಮತ್ತೆ ಒಪ್ಪಿಸುತ್ತಾನೆ.

ಪತ್ತೇದಾರಿ ಕತೆ ಬರೆಯುವವರಿಗೆ ಒಂದು ಹಳೆಯ ತಲೆನೋವಿದೆ. ಪತ್ತೇದಾರನಿಗೆ ತಿಳಿದದ್ದನ್ನು ಓದುಗನಿಂದ ಬಚ್ಚಿಟ್ಟರೆ ಅದು ಮೋಸ, ಎಲ್ಲ ಹೇಳಿಬಿಟ್ಟರೆ ಕತೆಯೇ ಉಳಿಯದು. ಇಲ್ಲಿ ಆ ತೊಡಕನ್ನು ಮರೆವು ಬಿಡಿಸಿದೆ. ಆಂಟನಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ನಮಗೆ ಸಿಕ್ಕದ ಉತ್ತರ ಒಂದು ಕಾಲಕ್ಕೆ ಅವನೊಳಗೇ ಇತ್ತು.

ವೈದ್ಯಕೀಯವಾಗಿ ಇದರಲ್ಲಿ ಸಲಿಗೆ ತೆಗೆದುಕೊಂಡಿದ್ದಾರೆ. ತಲೆಗೆ ಪೆಟ್ಟಾದಾಗ ಸಾಮಾನ್ಯವಾಗಿ ಅಳಿಸುವುದು ಪೆಟ್ಟಿನ ಹಿಂದುಮುಂದಿನ ನೆನಪು. ತಾನು ಯಾರೆಂಬುದನ್ನೇ ಮರೆತವನು ಹೊಸ ವಿಷಯಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡು ಓಡಾಡುವುದು ಬಹಳ ಅಪರೂಪ. ಆದರೆ ಒಂದು ಮಾತು ಸರಿಯಾಗಿದೆ: ಘಟನೆಗಳ ನೆನಪು ಬೇರೆ, ಕೈಗೆ ಪಳಗಿದ ಕಸುಬಿನ ನೆನಪು ಬೇರೆ. ಮೊದಲನೆಯದು ಹೋದರೂ ಎರಡನೆಯದು ಉಳಿಯಬಲ್ಲದು. ಆಂಟನಿಯ ಪೊಲೀಸ್ ಬುದ್ಧಿ ಉಳಿದಿದೆ, ಚಿತ್ರ ನಿಂತಿರುವುದೇ ಅದರ ಮೇಲೆ.

ಇನ್ನು ಕೊಲೆಯ ವಿಧಾನ. ಗುಂಡು ಬಂದದ್ದು ದೂರದಿಂದ. ಹಾಗಾಗಿ ಎಲ್ಲರೂ ಹುಡುಕುವುದು ಬಂದೂಕಿನ ಹಿಂದೆ ಕುಳಿತಿದ್ದ ಮನುಷ್ಯನನ್ನು. ಅದು ದೂರದಿಂದಲೇ ಚಾಲೂ ಮಾಡಬಹುದಾದ ಬಂದೂಕು ಎಂದು ಗೊತ್ತಾದ ಕ್ಷಣ ಲೆಕ್ಕವೆಲ್ಲ ತಿರುಗುಮುರುಗು. ಅಲ್ಲಿಯವರೆಗೆ ‘ಗುಂಡು ಹಾರಿದಾಗ ಸಮಾರಂಭದಲ್ಲೇ ಇದ್ದೆ’ ಎನ್ನುವವರೆಲ್ಲ ಶಂಕೆಯಿಂದ ಹೊರಗೆ. ಇನ್ನು ಮುಂದೆ ಅವರೆಲ್ಲ ಒಳಗೆ. ಗಮನಿಸಿ, ಈ ಸುಳಿವು ಯಾರ ಕಡೆಗೂ ಬೆರಳು ತೋರಿಸುವುದಿಲ್ಲ, ಒಂದು ಗೋಡೆಯನ್ನು ಕೆಡವುತ್ತದೆ ಅಷ್ಟೆ. ಬರೆಯುವವರು ಇದನ್ನು ಕಲಿಯಬೇಕು. ಕೊಲೆಗಾರನ ಹೆಸರನ್ನೇ ಉಸುರುವ ಸುಳಿವನ್ನು ಪ್ರೇಕ್ಷಕ ಕೂಡಲೇ ಹಿಡಿದುಬಿಡುತ್ತಾನೆ.

ಕೊಲೆ ಮಾಡಿದವನು ಆಂಟನಿಯೇ. ಅವನು ಸಲಿಂಗಿ. ಅದು ಆರ್ಯನ್‌ಗೆ ತಿಳಿಯಿತು, ಹೊರಬಿದ್ದೀತೆಂಬ ಭಯ ಗೆಳೆಯನನ್ನೇ ಕೊಲ್ಲಿಸಿತು. ಮರೆವಿನ ನಂತರದ ಆಂಟನಿಗೆ ಈ ಗುಟ್ಟು ತಿಳಿಯುವುದು ಒಬ್ಬ ಗಂಡಸು ಅವನ ಫ್ಲ್ಯಾಟ್‌ಗೆ ಬಂದು ಸಲಿಗೆಯಿಂದ ನಡೆದುಕೊಂಡಾಗ. ಆಂಟನಿ ಬೆಚ್ಚಿಬೀಳುತ್ತಾನೆ. ತನ್ನ ಮನೆಯಲ್ಲಿ ತಾನೇ ಅಪರಿಚಿತ. ಇಲ್ಲಿ ಮಹಾನಗರ ಬೇಕೇ ಬೇಕಿತ್ತು. ಅಕ್ಕಪಕ್ಕದವರು ಬಾಗಿಲಲ್ಲಿ ಕೂತು ಮಾತಾಡುವ ಓಣಿಯಲ್ಲಾಗಿದ್ದರೆ ನೀನು ಯಾರು, ನಿನ್ನ ಮನೆಗೆ ಯಾರು ಬರುತ್ತಾರೆ ಎಂದು ನಾಲ್ಕು ಜನ ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಈ ಕಾರಣದ ಬಗ್ಗೆ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಸಲಿಂಗಿ ಪಾತ್ರ ಅಪರೂಪಕ್ಕೆ ಬರುವಾಗ ಅವನನ್ನು ಕೊಲೆಗಾರನನ್ನಾಗಿ ಮಾಡಿದ್ದು, ಅವನ ಲೈಂಗಿಕತೆಯನ್ನೇ ಕೊನೆಯ ಆಘಾತಕ್ಕೆ ಬಳಸಿದ್ದು ನೋಯಿಸುವಂಥದ್ದು. ಕಾಲವನ್ನೂ ನೋಡಬೇಕು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2013ರ ಡಿಸೆಂಬರ್‌ನಲ್ಲಿ, ಚಿತ್ರ ಬಂದು ಏಳು ತಿಂಗಳಿಗೆ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ ಬರಬೇಕಾಯಿತು. ಆಂಟನಿಯ ಭಯ ಬರೀ ಕಲ್ಪನೆಯದಲ್ಲ. ಅದರ ಮೇಲೆ, ಮೈಕಟ್ಟು, ಒರಟುತನಗಳಿಂದಲೇ ಹೆಸರು ಮಾಡಿದ ಪೊಲೀಸ್ ನಾಯಕನನ್ನು ಹೀಗೆ ಚಿತ್ರಿಸಲು ಧೈರ್ಯವೂ ಬೇಕಿತ್ತು. ಎರಡೂ ಮಾತು ನಿಜ.

ಇದೇ ನಿರ್ದೇಶಕರು 2025ರಲ್ಲಿ ಇದೇ ಕತೆಯನ್ನು ಹಿಂದಿಯಲ್ಲಿ ‘ದೇವಾ’ ಎಂದು ಮಾಡಿದಾಗ ಕೊಲೆಯ ಕಾರಣವನ್ನು ಬದಲಿಸಿದರು, ಖಾಸಗಿ ಗುಟ್ಟಿನ ಜಾಗಕ್ಕೆ ಇಲಾಖೆಯ ಭ್ರಷ್ಟತೆ ಬಂತು. ಅಲ್ಲೇ ಕೀಲು ಸಡಿಲವಾಯಿತು. ಭ್ರಷ್ಟತೆಗೆ ಕರೆ ವಿವರ, ಹಣದ ಜಾಡು, ಬಾಯಿಬಿಡುವ ಜನ ಇರುತ್ತಾರೆ, ಯಾವ ಅಧಿಕಾರಿ ಬೇಕಾದರೂ ಅದನ್ನು ಹಿಡಿಯಬಹುದು. ಮಲಗುವ ಕೋಣೆಯ ಗುಟ್ಟಿಗೆ ಯಾವ ಕಡತವೂ ಇಲ್ಲ. ಆ ಗುಟ್ಟನ್ನು ಕಂಡ ಗೆಳೆಯ ಸತ್ತ, ಕಾಪಾಡಿದವನು ಮರೆತ. ಹಾಗಾಗಿಯೇ ಮೂಲ ಚಿತ್ರದಲ್ಲಿ ಈ ಕೇಸನ್ನು ಆಂಟನಿಯಲ್ಲದೆ ಬೇರೆ ಯಾರೂ ಬಿಡಿಸುವಂತಿರಲಿಲ್ಲ.

ಚಿತ್ರವನ್ನು ಎರಡನೇ ಸಲ ನೋಡುವಾಗ ಆರ್ಯನ್ ಸಾಯುವ ಮುನ್ನ ತಾಲೀಮು ಮಾಡಿದ ಭಾಷಣದ ವಿಡಿಯೊಗೆ ಕಾಯಿರಿ. ಪದಕದ ಶ್ರೇಯವನ್ನು ವೇದಿಕೆಯ ಮೇಲೆ ಆಂಟನಿಗೆ ಒಪ್ಪಿಸಬೇಕೆಂದು ಅವನು ಸಿದ್ಧನಾಗಿದ್ದ. ಮೊದಲ ಸಲ ಆ ವಿಡಿಯೊ ಗೆಳೆತನದ ಗುರುತಾಗಿ ಕಾಣುತ್ತದೆ. ಗೊತ್ತಿದ್ದು ನೋಡಿದಾಗ ಆರಂಭದ ಆ ಫೋನ್ ಕರೆಯಲ್ಲಿ ಆಂಟನಿಯ ದನಿ ಯಾಕೆ ಹಾಗಿತ್ತು ಎಂದು ಅರ್ಥವಾಗುತ್ತದೆ.