ಡಯಾಲಿಸಿಸ್ ರೋಗಿಯ ‘ನಾರ್ಮಲ್’ ಕೊಲೆಸ್ಟ್ರಾಲ್

ನಮಸ್ಕಾರ. ಲ್ಯಾಬ್ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ 140 ಎಂದಿದ್ದರೆ ಮನೆಯವರೆಲ್ಲ ನಿರಾಳವಾಗುವುದು ಸಹಜ. ಆದರೆ ಆ ರಿಪೋರ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರದಾಗಿದ್ದರೆ, ಆ ನೆಮ್ಮದಿಗೆ ಆಧಾರ ಕಡಿಮೆ ಎಂದೇ ನನ್ನ ವಾದ.

ಕಿಡ್ನಿ ಸೊರಗಿದಾಗ ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರಲೇಬೇಕೆಂದಿಲ್ಲ. ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಕರಗಿಸುವ ಕಿಣ್ವ ಮಂದವಾಗುವುದರಿಂದ ಆ ಕೊಬ್ಬು ರಕ್ತದಲ್ಲಿ ಉಳಿದುಕೊಳ್ಳುತ್ತದೆ, ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಯುತ್ತದೆ. ಮೂತ್ರದಲ್ಲಿ ವಿಪರೀತ ಪ್ರೋಟೀನ್ ಹೋಗುವ ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಮಾತ್ರ ಎಲ್‌ಡಿಎಲ್ ಕೂಡ ಬಹಳ ಏರುತ್ತದೆ. ಡಯಾಲಿಸಿಸ್ ಹಂತದಲ್ಲಂತೂ ಕೊಲೆಸ್ಟ್ರಾಲ್ ಕಡಿಮೆ ಇರುವವರಲ್ಲೇ ಸಾವು ಹೆಚ್ಚು ಕಂಡುಬಂದಿದೆ, ಏಕೆಂದರೆ ಆ ಕಡಿಮೆ ಅಂಕಿಯ ಹಿಂದೆ ಅನೇಕ ವೇಳೆ ಅಪೌಷ್ಟಿಕತೆ ಮತ್ತು ಉರಿಯೂತ ಅಡಗಿರುತ್ತವೆ.

ಹಾಗಾದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕೇ? ಹೀಮೊಡಯಾಲಿಸಿಸ್‌ನಲ್ಲಿದ್ದವರಿಗೆ ಅಟೊರ್‌ವಾಸ್ಟಾಟಿನ್ ಕೊಟ್ಟು 2005ರಲ್ಲಿ ವರದಿಯಾದ ಜರ್ಮನಿಯ 4ಡಿ ಅಧ್ಯಯನವೂ, ರೊಸುವಾಸ್ಟಾಟಿನ್ ಕೊಟ್ಟ 2009ರ ಅರೋರಾ ಅಧ್ಯಯನವೂ ಎಲ್‌ಡಿಎಲ್ ಇಳಿಸಿದವು, ಆದರೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾಗಿ ನೋಡಿದಾಗ ಗಣನೀಯ ಲಾಭ ತೋರಲಿಲ್ಲ. ಈ ಹಂತದಲ್ಲಿ ಹೃದಯದ ಬಡಿತ ತಪ್ಪುವುದು, ರಕ್ತನಾಳಗಳಲ್ಲಿ ಸುಣ್ಣ ಕಟ್ಟುವುದು ದೊಡ್ಡ ಶತ್ರುಗಳು. ಅವುಗಳ ಮೇಲೆ ಸ್ಟಾಟಿನ್‌ನ ಆಟ ನಡೆಯುವುದಿಲ್ಲ. ಇನ್ನೊಂದೆಡೆ, ಸುಮಾರು 9,000 ಕಿಡ್ನಿ ರೋಗಿಗಳ 2011ರ ಶಾರ್ಪ್ ಅಧ್ಯಯನದಲ್ಲಿ ಸಿಮ್ವಾಸ್ಟಾಟಿನ್ ಮತ್ತು ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಜೆಟಿಮೈಬ್ ಜೋಡಿಯಿಂದ ರಕ್ತನಾಳ ಕಟ್ಟಿಕೊಳ್ಳುವ ಪ್ರಮುಖ ಘಟನೆಗಳು ಶೇ. 17ರಷ್ಟು ಇಳಿದವು, ಅವರಲ್ಲಿ ಮೂರನೆಯ ಎರಡರಷ್ಟು ಜನ ಇನ್ನೂ ಡಯಾಲಿಸಿಸ್‌ಗೆ ಬಂದಿರಲಿಲ್ಲ.

ಆದ್ದರಿಂದಲೇ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆಯಾದ ಕೆಡಿಗೊದ 2013ರ ಮಾರ್ಗಸೂಚಿ, ಡಯಾಲಿಸಿಸ್‌ನಲ್ಲಿ ಸ್ಟಾಟಿನ್ ಹೊಸದಾಗಿ ಶುರು ಮಾಡುವುದು ಬೇಡ, ಮೊದಲೇ ನುಂಗುತ್ತಿದ್ದರೆ ಮುಂದುವರಿಸಿ ಎಂದಿತು. ಕೇಳುವವರಿಗೆ ಇದು ಎರಡು ನಾಲಗೆಯ ಮಾತೆನಿಸಬಹುದು. ನನಗಂತೂ ಸಾಕ್ಷ್ಯ ಇದ್ದಷ್ಟೇ ಹೇಳುವ ಪ್ರಾಮಾಣಿಕತೆ ಅದರಲ್ಲಿ ಕಾಣುತ್ತದೆ. ಡಯಾಲಿಸಿಸ್‌ಗೆ ಮುನ್ನ, 50 ದಾಟಿದ ಕಿಡ್ನಿ ರೋಗಿಗೆ ಎಲ್‌ಡಿಎಲ್ ಅಂಕಿ ಎಷ್ಟೇ ಇರಲಿ ಸ್ಟಾಟಿನ್ ಕೊಡಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಮಾತ್ರೆಯ ಮಾತು ಎತ್ತಬೇಕಾದ ಕಾಲ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರತೊಡಗಿದ ಆರಂಭದ ವರ್ಷಗಳೇ.

ಕಿಡ್ನಿ ಕಸಿಯಾದವರ ವಿಷಯ ಇನ್ನೂ ಸೂಕ್ಷ್ಮ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಸ್ಟಿರಾಯ್ಡ್, ಸೈಕ್ಲೋಸ್ಪೊರಿನ್, ಸಿರೋಲಿಮಸ್ ಮಾತ್ರೆಗಳೇ ಕೊಬ್ಬನ್ನು ಏರಿಸುತ್ತವೆ, ಅವುಗಳನ್ನು ಬಿಡುವಂತೆಯೂ ಇಲ್ಲ. ಸ್ಟಾಟಿನ್ ಇವರಿಗೆ ಉಪಯುಕ್ತವೇ. ಆದರೆ ಸೈಕ್ಲೋಸ್ಪೊರಿನ್ ಜೊತೆ ಸಿಮ್ವಾಸ್ಟಾಟಿನ್ ಸೇರಿದರೆ ಸಿಮ್ವಾಸ್ಟಾಟಿನ್ ಮಟ್ಟ ರಕ್ತದಲ್ಲಿ ಏರಿ ಸ್ನಾಯುಗಳೇ ಕರಗುವ ಅಪಾಯವಿರುವುದರಿಂದ ಆ ಜೋಡಿ ನಿಷಿದ್ಧ. ಬಿಪಿ, ಶುಗರ್‌ಗೆ ಬೇರೊಬ್ಬ ವೈದ್ಯರನ್ನು ಕಾಣುವ ಕಸಿ ರೋಗಿ ಅವರ ಮುಂದೆಯೂ ತನ್ನೆಲ್ಲ ಮಾತ್ರೆಗಳ ಚೀಟಿ ಇಡಲೇಬೇಕು.