ನರಿ ಬಂದು ಹೋದ ಮೇಲೆ

ವಿಡಿಯೋ ಅಲ್ಲಾಡುತ್ತಿದೆ, ಕ್ಷಮಿಸಿ. ಇದನ್ನು ತೆಗೆಯುವಾಗ ನನ್ನ ಕೈ ನಡುಗುತ್ತಿತ್ತು. ಇಲ್ಲಿ ಬಿದ್ದಿರುವುದೆಲ್ಲ ಗರಿ.

ಗೂಡಿನಲ್ಲಿ 11 ಕೋಳಿ ಇದ್ದವು. ನರಿ ಹೊತ್ತುಕೊಂಡು ಹೋಗಿದ್ದು 2. ಉಳಿದ 9 ಇಲ್ಲೇ ಸತ್ತು ಬಿದ್ದಿದ್ದವು. ತಿನ್ನದೇ ಇರುವುದಾದರೆ ಕೊಂದದ್ದು ಯಾಕೆ? ಆಮೇಲೆ ಗೊತ್ತಾಯಿತು. ಬಯಲಿನಲ್ಲಿ ಒಂದನ್ನು ಹಿಡಿದರೆ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯಿತು. ಮುಚ್ಚಿದ ಗೂಡಿನಲ್ಲಿ ಓಡುವುದೆಲ್ಲಿಗೆ? ಎದುರಿಗೆ ರೆಕ್ಕೆ ಬಡಿಯುತ್ತಿರುವಷ್ಟು ಹೊತ್ತು ನರಿ ಕಚ್ಚುತ್ತಲೇ ಇರುತ್ತದೆ.

ಆ ಬೆಳಿಗ್ಗೆ ಕೈಯಲ್ಲಿ ಕೋವಿ ಇದ್ದಿದ್ದರೆ ಹೊಡೆದೇಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಸಾಕಿದ ಜೀವ ಕಾಪಾಡಿಕೊಳ್ಳುವ ಹಕ್ಕು ನನಗಿಲ್ವಾ ಅಂತ ಕಾನೂನು ಹುಡುಕುತ್ತಾ ಕೂತೆ. ಭಾರತದ 1972ರ ವನ್ಯಜೀವಿ ಕಾಯ್ದೆಯಲ್ಲಿ ಮನುಷ್ಯರ ಪ್ರಾಣ ಉಳಿಸಲು ಕಾಡುಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಆ ರಿಯಾಯಿತಿಯಲ್ಲಿ ಸಾಕುಪ್ರಾಣಿಯ ಮಾತಿಲ್ಲ. ಕಾಡುಪ್ರಾಣಿಗಳ ರಕ್ಷಣೆಗಾಗಿ ಯುರೋಪಿನ ದೇಶಗಳು ಮಾಡಿಕೊಂಡ 1979ರ ಬರ್ನ್ ಒಪ್ಪಂದ ಜಾನುವಾರುಗಳಿಗೆ ದೊಡ್ಡ ಹಾನಿಯಾಗುವುದನ್ನು ತಡೆಯಲು ಕೊಲ್ಲುವುದಕ್ಕೂ ಅವಕಾಶ ಕೊಡುತ್ತದೆ. ಆದರೆ ಮೊದಲು ಒಂದು ಪ್ರಶ್ನೆ ಇಡುತ್ತದೆ: ಬೇರೆ ದಾರಿ ಯಾವುದೂ ಇಲ್ಲವೇ?

ಈ ಪ್ರಶ್ನೆ ನನಗೆ ಚುಚ್ಚಿತು. ನಾನು ಬೇರೆ ದಾರಿ ನೋಡಿಯೇ ಇರಲಿಲ್ಲ. ಹಾಗಂತ ನಷ್ಟವನ್ನೆಲ್ಲ ಸಾಕಿದವನೇ ಹೊರಬೇಕು ಅನ್ನುವುದನ್ನೂ ಒಪ್ಪಲಾರೆ. ಕಾಡುಪ್ರಾಣಿ ಎಲ್ಲರ ಆಸ್ತಿ ಅಂದರೆ, ಅದು ತಿಂದ ಕುರಿಯ ಲೆಕ್ಕವೂ ಎಲ್ಲರದ್ದೇ ಅಲ್ವಾ?

ವಿಷ ಇಡು ಅಂತ ಹೇಳಿದವರೂ ಇದ್ದರು. ವಿಷದ ಮಾಂಸವನ್ನು ನಾಯಿ ತಿನ್ನುತ್ತದೆ, ಹದ್ದು ತಿನ್ನುತ್ತದೆ. ಅದು ಬೇಡವೇ ಬೇಡ.

ಹುಡುಕುತ್ತಾ ಹೋದಾಗ ಆಫ್ರಿಕಾದ ಬೋಟ್ಸ್ವಾನಾದ ಒಂದು ಪ್ರಯೋಗ ಸಿಕ್ಕಿತು. ಓದಿ ನಕ್ಕುಬಿಟ್ಟೆ. ದನಗಳ ಹಿಂಭಾಗಕ್ಕೆ ಎರಡು ದೊಡ್ಡ ಕಣ್ಣು ಬರೆದು ಮೇಯಲು ಬಿಟ್ಟರಂತೆ! ಸಿಂಹ, ಚಿರತೆ ಹೊಂಚುಹಾಕಿ ಹಿಂದಿನಿಂದ ಬರುವ ಪ್ರಾಣಿಗಳು. ತನ್ನನ್ನು ನೋಡಿಬಿಟ್ಟಿದೆ ಅನಿಸಿದರೆ ಹಿಂದೆ ಸರಿಯುತ್ತವೆ. ನಾಲ್ಕು ವರ್ಷದಲ್ಲಿ ಕಣ್ಣು ಬರೆದ 683 ದನಗಳಲ್ಲಿ ಒಂದೂ ಬಲಿಯಾಗಲಿಲ್ಲ. ಏನೂ ಬರೆಯದ 835ರಲ್ಲಿ 15 ಹೋದವು. 2020ರಲ್ಲಿ ಈ ಲೆಕ್ಕ ಪ್ರಕಟವಾಯಿತು.

ಕೋಳಿಗೆ ಕಣ್ಣು ಬರೆಯಲು ಆಗುವುದಿಲ್ಲ ಬಿಡಿ. ನನ್ನ ತಪ್ಪು ಜಾಲರಿಯಲ್ಲಿತ್ತು. ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಈ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ. ಹಲ್ಲಿಗೆ ಸಿಕ್ಕರೆ ಹರಿಯುತ್ತದೆ. ಈಗ ಹಾಕಿರುವುದು ಅರ್ಧ ಇಂಚಿನ ತೂತುಗಳಿರುವ ಬೆಸುಗೆ ಜಾಲರಿ. ಅದನ್ನು ಗೋಡೆಯ ಬುಡದಲ್ಲೇ ಮುಗಿಸಿಲ್ಲ. ಹೊರಕ್ಕೆ ಮಡಚಿ, ಎರಡು ಅಡಿ ನೆಲದ ಮೇಲೆ ಹಾಸಿ, ಮಣ್ಣು ಮುಚ್ಚಿದ್ದೇನೆ. ನರಿ ಗೋಡೆಯ ಬುಡದಲ್ಲೇ ತೋಡುತ್ತದೆ. ಉಗುರಿಗೆ ತಂತಿ ತಾಗುತ್ತದೆ. ಎರಡು ಅಡಿ ಹಿಂದೆ ಸರಿದು ತೋಡಬೇಕು ಅಂತ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಚಿಲಕಕ್ಕೂ ಒಂದು ಕೊಕ್ಕೆ ಜಾಸ್ತಿ ಹಾಕಿದೆ. ಹೊಸದಾಗಿ 6 ಕೋಳಿ ತಂದೆ.

ಇದು ಇವತ್ತು ಬೆಳಿಗ್ಗೆ ತೆಗೆದದ್ದು. ಬುಡದಲ್ಲಿ ಕೆದಕಿದ ಗುರುತು ಕಾಣುತ್ತಿದೆಯಾ? ನಾಲ್ಕು ಬೆರಳು ಆಳ. ಕೆಳಗೆ ತಂತಿ ಹೊಳೆಯುತ್ತಿದೆ. ಪಕ್ಕದಲ್ಲಿ ಹೆಜ್ಜೆ, ಬೇಲಿಯ ಕಡೆಗೆ ವಾಪಸ್. ಒಳಗೆ ಎಣಿಸಿದೆ. ಆರೂ ಇದ್ದವು.